ಹೆಸರು ಗೊತ್ತಿಲ್ಲದ ನೇರಳೆ ಮಖಮಲ್ ಗಿಡ: ಗುರುತು ಹಿಡಿಯುವುದು ಹೇಗೆ?

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಹಳೇ ಹೆಂಚಿನ ಮನೆ, ಒಳಗೆ ಸ್ವಲ್ಪ ಕತ್ತಲೆ. ಜಗಲಿಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ನಿಡೋ ಡಬ್ಬಿ ಇತ್ತು. ಗಲ್ಫಿನಿಂದ ಯಾರೋ ತಂದ ಹಾಲಿನ ಪುಡಿ ಮುಗಿದ ಮೇಲೆ ತಳಕ್ಕೆ ತೂತು ಹೊಡೆದು ಮಣ್ಣು ತುಂಬಿಸಿದ್ದು. ಅದರಲ್ಲೊಂದು ಗಿಡ. ಉದ್ದಕ್ಕೆ ಬೆಳೆದು ಬಾಗಿದ ಬೋಳು ಕಾಂಡ, ತುದಿಯಲ್ಲಿ ಮಾತ್ರ ನಾಲ್ಕೈದು ಎಲೆ, ಮುಟ್ಟಿದರೆ ಬೆಕ್ಕಿನ ಕಿವಿ ಮುಟ್ಟಿದ ಹಾಗೆ. ಬಾಗಿಲ ಕಡೆಯಿಂದ ನೋಡಿದರೆ ನೇರಳೆ, ಗೋಡೆ ಕಡೆಯಿಂದ ನೋಡಿದರೆ ಹಸಿರು.

ಹೆಸರು ಕೇಳಿದರೆ ದೊಡ್ಡಮ್ಮ "ವೆಲ್ವೆಟ್ ಗಿಡ" ಅಂದರು. ಪಕ್ಕದ ಮನೆಯ ಮಲಯಾಳಿ ಅಜ್ಜಿ "ಪಟ್ಟುಚೆಡಿ" ಅಂದರು, ರೇಷ್ಮೆ ಗಿಡ. ಅಡಿಕೆ ಸುಲಿಯಲು ಬರುವ ಅಕ್ಕ ತುಳುವಿನಲ್ಲಿ "ಪುಚ್ಚೆದ ಕೆಬಿ" ಅಂದರು, ಬೆಕ್ಕಿನ ಕಿವಿ. ಮೂರೂ ಚಂದದ ಹೆಸರೇ, ಆದರೆ ಮೂರೂ ಮುಟ್ಟಿ ನೋಡಿ ಇಟ್ಟ ಹೆಸರು, ಗಿಡ ಯಾವುದು ಅಂತ ಒಂದರಿಂದಲೂ ತಿಳಿಯುವುದಿಲ್ಲ. ಕೊನೆಗೆ ಒಂದು ನರ್ಸರಿಯಲ್ಲಿ ಫೋಟೋ ತೋರಿಸಿದೆ. "ಕೋಲಿಯಸ್ ಅದು, ಬಿಸಿಲಲ್ಲಿಡಿ" ಅಂದರು. ಇಟ್ಟೆ. ಮಾರ್ಚ್ ತಿಂಗಳು. ಇದ್ದ ಐದು ಎಲೆಯಲ್ಲಿ ಮೂರು ಎರಡೇ ದಿನದಲ್ಲಿ ಹಪ್ಪಳ ಆದವು.

ತಪ್ಪು ನರ್ಸರಿಯವರದು ಮಾತ್ರ ಅಲ್ಲ. ನಾನು ತೋರಿಸಿದ್ದೇ ಒಂದು ಮಸುಕು ಫೋಟೋ, ಅದೂ ಸೊರಗಿದ ಗಿಡದ್ದು. ಆಮೇಲೆ ಪುರುಸೊತ್ತು ಮಾಡಿಕೊಂಡು ಒಂದೊಂದೇ ನೋಡುತ್ತಾ ಹೋದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಗಿಡ ಇದ್ದರೆ ಹೀಗೇ ಮಾಡಿ.

ಮೊದಲೇ ಒಂದು ಮಾತು. ಹಳೇ ಗಿಡ ತನ್ನ ನಿಜವಾದ ಮುಖ ತೋರಿಸುವುದಿಲ್ಲ. ವರ್ಷಗಟ್ಟಲೆ ಅರೆಗತ್ತಲಲ್ಲಿ ನಿಂತ ಗಿಡದ ಕಾಂಡ ಎಳೆದುಕೊಂಡು ಉದ್ದ ಆಗಿರುತ್ತದೆ, ಎಲೆ ಚಿಕ್ಕದಾಗಿರುತ್ತದೆ, ಬಣ್ಣ ಇಳಿದಿರುತ್ತದೆ. ಹಾಗಾಗಿ ನೋಡಬೇಕಾದ್ದು ತುದಿಯ ಎಳೆ ಚಿಗುರನ್ನು. ಚಿಗುರೂ ಸಪ್ಪೆಯಾಗಿದ್ದರೆ ಒಂದು ತುಂಡು ನೆಟ್ಟು, ಹೊಸ ಎಲೆ ಬರುವ ತನಕ ಕಾಯಬೇಕು. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಬೆಳಕಿಗೆ ತನ್ನಿ, ಬಿಸಿಲಿಗಲ್ಲ

ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಗಿಡವನ್ನು ಜಗಲಿಯ ಅಂಚಿಗೋ ಕಿಟಕಿ ಹತ್ತಿರಕ್ಕೋ ತಂದಿಡಿ. ಟ್ಯೂಬ್‌ಲೈಟ್ ಕೆಳಗೆ ನೇರಳೆ ಬಣ್ಣ ನೋಡಲು ಹೋಗಬೇಡಿ, ಕಣ್ಣಿಗೆ ಮೋಸ ಆಗುತ್ತದೆ. ಎಲೆಗಳ ಮೇಲೆ ಧೂಳು ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ರೋಮ ಎಲ್ಲ ಒಂದಕ್ಕೊಂದು ಅಂಟಿ ಹಾಳಾಗುತ್ತದೆ. ಪೌಡರ್ ಹಚ್ಚುವ ಅಥವಾ ಪೇಂಟಿನ ಮೆತ್ತನೆ ಬ್ರಷ್ ಇದ್ದರೆ ಒಣಗಿದ್ದನ್ನೇ ಮೆಲ್ಲಗೆ ಆಡಿಸಿ.

ಒಂದು ಭೂತಗನ್ನಡಿ ಇದ್ದರೆ ಒಳ್ಳೆಯದು. ಚಿನ್ನದ ಕೆಲಸದವರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಚಿಕ್ಕ ಕನ್ನಡಿ ಸಾಕು, ಬೆಲೆ ಜಾಸ್ತಿ ಇಲ್ಲ. ಇಲ್ಲದಿದ್ದರೆ ಫೋನಿನ ಕ್ಯಾಮೆರಾದಲ್ಲೇ ಹತ್ತಿರದಿಂದ ತೆಗೆದು ದೊಡ್ಡದು ಮಾಡಿ ನೋಡಿ.

ಎರಡನೆಯದು: ನೇರಳೆ ಇರುವುದು ರೋಮದಲ್ಲೋ, ಎಲೆಯಲ್ಲೋ?

ಇದೇ ಮುಖ್ಯ ಪರೀಕ್ಷೆ. ಉಳಿದದ್ದನ್ನು ಅವಸರದಲ್ಲಿ ಮುಗಿಸಿದರೂ ಇದಕ್ಕೆ ಸಮಯ ಕೊಡಿ.

ಎಳೆ ಎಲೆಯೊಂದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಬೆಳಕು ಎಲೆಯ ಆಚೆ ಬದಿಯಿಂದ ಬರುವ ಹಾಗೆ ಓರೆಯಾಗಿ ನೋಡಿ. ದೊಡ್ಡಮ್ಮನ ಗಿಡದಲ್ಲಿ ನನಗೆ ಕಂಡದ್ದು ಹೀಗೆ: ಎಲೆಯ ಅಂಚಿನ ಸುತ್ತ ನೇರಳೆ ಬಣ್ಣದ ತೆಳುವಾದ ಮಂಜು ಕಟ್ಟಿದ ಹಾಗಿತ್ತು. ಒಂದೊಂದು ರೋಮವೂ ಬೇರೆ ಬೇರೆ ಕಾಣುತ್ತಿತ್ತು, ನಿಂತ ರೋಮ, ಬುಡದಿಂದ ತುದಿ ತನಕ ನೇರಳೆ. ಆಮೇಲೆ ಉದುರಿದ ಒಂದು ಎಲೆ ತೆಗೆದು ಉಗುರಿನ ಬೆನ್ನಿನಿಂದ ಮೆಲ್ಲಗೆ ಕೆರೆದೆ. ರೋಮ ಹೋದ ಜಾಗದಲ್ಲಿ ಬರೀ ಹಸಿರು! ಅಂದರೆ ಎಲೆಯ ಮೇಲ್ಮೈ ಹಸಿರೇ, ಅದರ ಮೇಲೆ ನೇರಳೆ ರೋಮದ ಹೊದಿಕೆ ಅಷ್ಟೇ.

ಆ ಬಣ್ಣ ಆಂಥೋಸಯನಿನ್ ಗುಂಪಿನದು. ಬದನೆಯ ಸಿಪ್ಪೆಯಲ್ಲಿ, ನೇರಳೆ ಹಣ್ಣಿನಲ್ಲಿ, ನಮ್ಮ ಪುನರ್ಪುಳಿಯಲ್ಲಿ ಇರುವುದೂ ಅದೇ ಗುಂಪಿನ ಬಣ್ಣ. ಎಲೆ ಎಳೆಯದಿರುವಾಗ ರೋಮ ಒತ್ತೊತ್ತಾಗಿ ಇರುತ್ತದೆ, ಅದಕ್ಕೆ ಚಿಗುರು ಕಡು ನೇರಳೆ. ಎಲೆ ಅಗಲ ಆದ ಹಾಗೆ ಅದೇ ರೋಮಗಳು ಒಂದರಿಂದ ಒಂದು ದೂರ ಸರಿಯುತ್ತವೆ, ನಡುವೆ ಹಸಿರು ಇಣುಕುತ್ತದೆ. ಒಂದೇ ಗಿಡದಲ್ಲಿ ತುದಿ ನೇರಳೆ, ಬುಡ ಹಸಿರು ಯಾಕೆ ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇದು. ಬೆಳಕು ಕಡಿಮೆಯಾದರೆ ಬಣ್ಣವೂ ಇಳಿಯುತ್ತದೆ, ಹಾಗಾಗಿ ಜಗಲಿ ಮೂಲೆಯ ಗಿಡ ಅರ್ಧ ಹಸಿರಾಗಿ ಕಾಣುವುದರಲ್ಲಿ ಆಶ್ಚರ್ಯ ಇಲ್ಲ.

ನಿಮ್ಮ ಗಿಡದಲ್ಲಿ ಕೆರೆದ ಮೇಲೂ ನೇರಳೆಯೇ ಉಳಿದರೆ, ಬಣ್ಣ ಎಲೆಯ ಒಳಗೇ ಇದೆ ಅಂತ ಲೆಕ್ಕ. ಆಗ ದಾರಿ ಬೇರೆ. ರೋಮ ಬಿಳಿಯಾಗಿದ್ದು ಎಲೆ ನೇರಳೆಯಾಗಿದ್ದರೆ ಇನ್ನೂ ಬೇರೆ. ಮೂರರಲ್ಲಿ ಯಾವುದು ಅಂತ ಒಂದು ಚೀಟಿಯಲ್ಲಿ ಬರೆದಿಡಿ, ಈಗಲೇ ಹೆಸರು ಹುಡುಕಲು ಹೋಗಬೇಡಿ.

ಮೂರನೆಯದು: ಕಾಂಡ ಹಿಡಿದು ನೋಡಿ

ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉರುಳಿಸಿ. ನಾಲ್ಕು ಮೂಲೆ ಕೈಗೆ ಸಿಕ್ಕಿತಾ? ಅಂಗಳದ ತುಳಸಿಯ ಎಳೆ ಕಾಂಡ ಮುಟ್ಟಿ ಹೋಲಿಸಿ. ಚೌಕ ಕಾಂಡ, ಎದುರುಬದುರು ಜೋಡಿ ಎಲೆ, ಒಂದು ಜೋಡಿ ಪೂರ್ವ ಪಶ್ಚಿಮ ಆದರೆ ಮೇಲಿನ ಜೋಡಿ ಉತ್ತರ ದಕ್ಷಿಣ, ಇಷ್ಟಿದ್ದರೆ ಅದು ತುಳಸಿಯ ಬಳಗ. ಕೋಲಿಯಸ್ ಬರುವುದು ಇಲ್ಲಿಗೆ. ದೊಡ್ಡಮ್ಮನ ಗಿಡದ್ದು ಗುಂಡು ಕಾಂಡ, ಮೇಲೆ ಸಣ್ಣ ಗೀರುಗಳು, ಎಲೆ ಒಂದು ಆ ಕಡೆ ಒಂದು ಈ ಕಡೆ, ಮೆಟ್ಟಿಲಿನ ಹಾಗೆ. ಇದೊಂದನ್ನು ನೋಡಿದ್ದರೆ ಕೋಲಿಯಸ್ ಅಲ್ಲ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು, ನನ್ನ ಮೂರು ಎಲೆ ಉಳಿಯುತ್ತಿತ್ತು.

ಕಾಂಡದಲ್ಲಿ ಕಬ್ಬಿನ ಹಾಗೆ ಗಂಟುಗಳಿದ್ದು, ಎಲೆಯ ಬುಡ ಕಾಂಡವನ್ನು ಅಂಗಿಯ ಕಾಲರಿನ ಹಾಗೆ ಸುತ್ತಿಕೊಂಡಿದ್ದರೆ ಅದು ಟ್ರಾಡೆಸ್ಕಾಂಟಿಯಾ ಬಳಗ. ತೋಟದ ಕನ್ನೆ ಸೊಪ್ಪಿನ ನೆಂಟರು. ಅವುಗಳ ಎಲೆಯಲ್ಲಿ ನರಗಳು ಉದ್ದಕ್ಕೆ ಸಮಾನಾಂತರವಾಗಿ ಓಡುತ್ತವೆ, ಬಲೆ ಹಾಗೆ ಹರಡುವುದಿಲ್ಲ.

ಕಾಂಡವೇ ಇಲ್ಲ, ಎಲ್ಲ ಎಲೆ ನೆಲದಿಂದಲೇ ತಟ್ಟೆಯ ಹಾಗೆ ಹರಡಿದೆ ಅಂದರೆ ಅದನ್ನೂ ಬರೆದುಕೊಳ್ಳಿ. ಎಲೆಯ ಅಂಚು ನುಣ್ಣಗಿದೆಯೋ, ಗರಗಸದ ಹಾಗಿದೆಯೋ ನೋಡಿ. ತಿರುಗಿಸಿ ಕೆಳಬದಿಯನ್ನೂ ನೋಡಿ, ಜನ ಯಾವಾಗಲೂ ಮರೆಯುವುದು ಅದನ್ನೇ.

ಒಂದು ಎಲೆ ಮುರಿಯಿರಿ

ತೊಟ್ಟಿನ ಹತ್ತಿರ ಮುರಿದರೆ ಬಿಳಿ ಹಾಲು ಬಂತಾ? ಹಾಗಿದ್ದರೆ ಕೈ ಚೆನ್ನಾಗಿ ತೊಳೆಯಿರಿ, ಕಣ್ಣಿಗೆ ತಾಗಿಸಬೇಡಿ. ಎಲೆಯ ಅಡಿಭಾಗ ಕೆಂಪು ನೇರಳೆ ಇರುವ ಕೆಲವು ಅಲಂಕಾರದ ಗಿಡಗಳ ಹಾಲು ಉರಿ ತರಿಸುತ್ತದೆ. ಅವುಗಳ ಎಲೆ ಮೆತ್ತಗೆ ರೋಮವಾಗಿ ಇರುವುದಿಲ್ಲ, ಹಾಗಾಗಿ ಇಲ್ಲಿಗೆ ಬರುವ ಹೊತ್ತಿಗೆ ಅವು ಹೊರಗೆ ಹೋಗಿರುತ್ತವೆ. ಲೋಳೆಯಂತೆ ನೀರು ನೀರು ರಸ ಬಂದರೆ ಟ್ರಾಡೆಸ್ಕಾಂಟಿಯಾ ಅನ್ನುವ ಅನುಮಾನಕ್ಕೆ ಬಲ ಬಂತು. ಕೆಲವರ ಚರ್ಮಕ್ಕೆ ಅದೂ ತುರಿಕೆ ತರುತ್ತದೆ. ಉಜ್ಜಿ ಮೂಸಿದರೆ ಘಾಟು ವಾಸನೆ ಬಂದರೆ ಮತ್ತೆ ತುಳಸಿ, ಸಾಂಬ್ರಾಣಿ ಸೊಪ್ಪಿನ ಕಡೆ ನೋಡಿ.

ಈಗ ಒಬ್ಬೊಬ್ಬರನ್ನೇ ಹೊರಗೆ ಹಾಕಿ

ಚೀಟಿಯಲ್ಲಿ ನಾಲ್ಕೈದು ಸಾಲು ಆಗಿರಬೇಕು. ನಮ್ಮ ಕಡೆಯ ಮನೆಗಳಲ್ಲಿ ನೇರಳೆ ಎಲೆಯ ಹಳೇ ಗಿಡ ಅಂದರೆ ಸುಮಾರಾಗಿ ಈ ಕೆಲವರಲ್ಲಿ ಒಬ್ಬರು.

ನೇರಳೆ ಟ್ರಾಡೆಸ್ಕಾಂಟಿಯಾ, ಟ್ರಾಡೆಸ್ಕಾಂಟಿಯಾ ಪ್ಯಾಲಿಡಾ. ಮೆಕ್ಸಿಕೋ ಮೂಲ. ಅಂಗಳದ ಬದಿಯಲ್ಲಿ, ದೇವಸ್ಥಾನದ ಕಟ್ಟೆ ಹತ್ತಿರ ಧಾರಾಳ ಕಾಣುತ್ತದೆ. ಎಲೆ ಉದ್ದ, ದೋಣಿಯ ಹಾಗೆ ಮಡಚಿದ್ದು, ಒಳಗೂ ಹೊರಗೂ ನೇರಳೆ. ರೋಮ ಇದ್ದರೂ ಅಲ್ಲೊಂದು ಇಲ್ಲೊಂದು. ಮೂರು ಎಸಳಿನ ಗುಲಾಬಿ ಬಣ್ಣದ ಹೂ ಬೆಳಿಗ್ಗೆ ಅರಳುತ್ತದೆ. ಮಖಮಲ್ ಅನ್ನುವಷ್ಟು ಮೆತ್ತಗಿಲ್ಲ.

ಇದರದ್ದೇ ಇನ್ನೊಬ್ಬ ನೆಂಟ ಟ್ರಾಡೆಸ್ಕಾಂಟಿಯಾ ಜೆಬ್ರಿನಾ. ಎಲೆ ಮೇಲೆ ಎರಡು ಬೆಳ್ಳಿ ಪಟ್ಟೆ, ಅಡಿಯಲ್ಲಿ ನೇರಳೆ. ಪಟ್ಟೆ ಕಂಡರೆ ಮುಗಿಯಿತು.

ಮಲಯಾಳದವರು ಮುರಿಕೂಟ್ಟಿ ಅನ್ನುವ ಗಿಡ ನಮ್ಮ ಜಿಲ್ಲೆಯಲ್ಲಿ ಮನೆ ಮನೆಯಲ್ಲಿ ಇದೆ. ಮುರಿ ಅಂದರೆ ಗಾಯ, ಗಾಯ ಕೂಡಿಸುವ ಸೊಪ್ಪು ಅಂತ ಅರ್ಥ. ನೆಲಕ್ಕೆ ಹರಡಿಕೊಂಡು ಬೆಳೆಯುತ್ತದೆ. ಮೇಲ್ಗಡೆ ಬೂದು ಹಸಿರು ಲೋಹದ ಹೊಳಪು, ಕೆಳಗಡೆ ನೇರಳೆ, ಎಲೆ ಎದುರುಬದುರು, ಚಿಕ್ಕ ಬಿಳಿ ಹೂ. ಹಿರಿಯರು ನೇರಳೆ ಎಲೆ ಕಂಡ ಕೂಡಲೇ ಮೊದಲು ಹೇಳುವ ಹೆಸರು ಇದು, ಆದರೆ ಇದರ ಎಲೆಗೆ ರೋಮದ ಹೊದಿಕೆ ಇಲ್ಲ.

ಪರ್ಷಿಯನ್ ಶೀಲ್ಡ್ ಅಂತ ನರ್ಸರಿಯಲ್ಲಿ ಸಿಗುವುದು ಮ್ಯಾನ್ಮಾರ್ ಕಡೆಯ ಸ್ಟ್ರೋಬಿಲಾಂಥಸ್. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ನೀಲಕುರಿಂಜಿಯ ಬಳಗ. ಎಲೆ ನೇರಳೆ ಬೆಳ್ಳಿ, ನರ ಕಡು ಹಸಿರು, ಸೀರೆ ಜರಿಯ ಹಾಗೆ ಮಿನುಗುತ್ತದೆ. ಮಿನುಗಿದರೆ ಅದು, ಮಂಜು ಕವಿದ ಹಾಗಿದ್ದರೆ ಅದಲ್ಲ.

ಎಪಿಶಿಯಾ ಬಗ್ಗೆ ಮಾತ್ರ ಜಾಗ್ರತೆ, ಯಾಕೆಂದರೆ ಇದೂ ರೋಮದ ಎಲೆಯದ್ದೇ. ದಕ್ಷಿಣ ಅಮೆರಿಕದ ಗಿಡ, ನಮ್ಮ ಸೆಕೆ ಮತ್ತು ತೇವ ಎರಡೂ ಇದಕ್ಕೆ ಇಷ್ಟ, ತೂಗುಕುಂಡದಲ್ಲಿ ಹುಲುಸಾಗಿ ಬರುತ್ತದೆ. ಎಲೆ ತಾಮ್ರದ ಕಂದು, ನಡುವಿನ ನರದ ಗುಂಟ ಬೆಳ್ಳಿಯೋ ತಿಳಿ ಹಸಿರೋ, ಮೇಲ್ಮೈ ಸುಕ್ಕು ಸುಕ್ಕು. ಗಿಡದ ಬುಡದಿಂದ ಉದ್ದ ಬಳ್ಳಿಕೈ ಹೊರಟು ಅದರ ತುದಿಯಲ್ಲಿ ಮರಿ ಗಿಡ ಕೂತಿರುತ್ತದೆ. ಆ ಮರಿ ಕಂಡರೆ ಬೇರೆ ಸಾಕ್ಷಿ ಬೇಡ. ಹೂ ಕೆಂಪು ಕಿತ್ತಳೆ, ಕೊಳವೆಯಾಕಾರ.

ಆಫ್ರಿಕನ್ ವಯೊಲೆಟ್ ಕಾಂಡ ಇಲ್ಲದೆ ತಟ್ಟೆಯ ಹಾಗೆ ಹರಡುತ್ತದೆ. ತಾಂಜಾನಿಯಾ, ಕೆನ್ಯಾದ ಗುಡ್ಡಗಳ ಗಿಡ. ನಮ್ಮ ಏಪ್ರಿಲ್ ಸೆಕೆ ಅದಕ್ಕೆ ಆಗಿ ಬರುವುದಿಲ್ಲ, ಹಾಗಾಗಿ ಇಪ್ಪತ್ತು ವರ್ಷದ ಹಳೇ ಗಿಡ ಅಂತ ಯಾರಾದರೂ ಅಂದರೆ ನಾನು ನಂಬುವುದಿಲ್ಲ. ರೆಕ್ಸ್ ಬಿಗೋನಿಯಾದ್ದು ಇನ್ನೂ ಸುಲಭ: ಎಲೆಯ ನಡುನರದ ಒಂದು ಬದಿ ದೊಡ್ಡದು, ಒಂದು ಬದಿ ಚಿಕ್ಕದು, ಸೊಟ್ಟ ಎಲೆ.

ಇವರೆಲ್ಲ ಹೊರಗೆ ಹೋದ ಮೇಲೆ ಉಳಿದದ್ದು ಗುಂಡು ಕಾಂಡ, ಮೆಟ್ಟಿಲಿನ ಹಾಗೆ ಎಲೆ, ಗರಗಸದ ಅಂಚು, ಹಸಿರು ಎಲೆಯ ಮೇಲೆ ನೇರಳೆ ರೋಮ, ಅಡಿಬದಿ ದ್ರಾಕ್ಷಿ ಬಣ್ಣ. ಹೆಸರು ಗೈನುರಾ ಔರಾಂಟಿಯಾಕಾ. ಜಾವಾ ಕಡೆಯ ಗಿಡ. ಮಾರುಕಟ್ಟೆಯಲ್ಲಿ ಪರ್ಪಲ್ ಪ್ಯಾಶನ್, ವೆಲ್ವೆಟ್ ಪ್ಲಾಂಟ್ ಅಂತ ಕರೆಯುತ್ತಾರೆ. ಅಂದರೆ ದೊಡ್ಡಮ್ಮ ಇಷ್ಟು ವರ್ಷ ಹೇಳುತ್ತಿದ್ದದ್ದೇ ಸರಿ! ಹಳೇ ಚೀಟಿಗಳಲ್ಲಿ ಗೈನುರಾ ಸಾರ್ಮೆಂಟೋಸಾ ಅಂತಲೂ ಇರುತ್ತದೆ, ಬಳ್ಳಿಯಂತೆ ಇಳಿಬೀಳುವ ಗಿಡಕ್ಕೆ ವ್ಯಾಪಾರದಲ್ಲಿ ಇಟ್ಟುಕೊಂಡ ಹೆಸರು ಅದು.

ಅನುಮಾನ ಉಳಿದಿದ್ದರೆ ತುಂಡು ನೆಡಿ

ಗಿಡ ತೀರಾ ಸೊರಗಿದ್ದರೆ ಮೇಲಿನ ಯಾವ ಪರೀಕ್ಷೆಯೂ ಗಟ್ಟಿ ಉತ್ತರ ಕೊಡುವುದಿಲ್ಲ. ಆಗ ತುದಿಯಿಂದ ನಾಲ್ಕು ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮೇಲೆ ಎರಡೋ ಮೂರೋ ಬಿಡಿ. ಗಾಜಿನ ಲೋಟದಲ್ಲಿ ನೀರು ಹಾಕಿ ಇಡಬಹುದು, ಎರಡು ದಿನಕ್ಕೊಮ್ಮೆ ನೀರು ಬದಲಿಸಬೇಕು, ಎಲೆ ನೀರಿಗೆ ತಾಗಬಾರದು. ನನಗೆ ಮರಳು ಮತ್ತು ತೆಂಗಿನ ನಾರಿನ ಪುಡಿ ಅರ್ಧರ್ಧ ಬೆರೆಸಿ ನೆಟ್ಟದ್ದು ಹೆಚ್ಚು ಸರಿ ಬಂತು. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಒಂದೇ ತುಂಡು ನೆಟ್ಟು ಕೂರಬೇಡಿ, ಮೂರು ನೆಡಿ, ಹಳೇ ಗಿಡವನ್ನೂ ಹಾಗೇ ಇಡಿ.

ಯಾವಾಗ ನೆಡಬೇಕು ಅನ್ನುವುದರಲ್ಲಿ ನಾನು ಒಮ್ಮೆ ಪೆಟ್ಟು ತಿಂದಿದ್ದೇನೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನೆಟ್ಟೆ, ಮಳೆಯ ಎರಚಲು ರೋಮದಲ್ಲಿ ನಿಂತು ಎಲೆಗೆ ಕಪ್ಪು ಚುಕ್ಕೆ ಬಂತು, ವಾರದಲ್ಲಿ ಕಾಂಡ ಬುಡದಿಂದ ಲೊಳಕ್ ಅಂತ ಕೊಳೆಯಿತು. ಚೌತಿ ಕಳೆದು ಮಳೆ ಇಳಿಯಲಿ. ಆಮೇಲೆ ನೆಟ್ಟು, ಸೂರಿನ ಒಳಗೆ ಆದರೆ ಆಕಾಶ ಕಾಣುವ ಜಾಗದಲ್ಲಿ ಇಡಿ. ಕನ್ನಡಿ ಹೆಂಚಿನ ಕೆಳಗೆ ಇಡುವುದಾದರೆ ಮಧ್ಯಾಹ್ನದ ಬಿಸಿಲು ನೇರ ಎಲೆ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ.

ದೊಡ್ಡಮ್ಮನ ಗಿಡದ ತುಂಡು ಒಂದು ತಿಂಗಳಲ್ಲಿ ಮೂರು ಹೊಸ ಎಲೆ ಬಿಟ್ಟಿತು. ನಿಡೋ ಡಬ್ಬಿಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಗಿಡ ಅಂತ ಯಾರೂ ನಂಬುವ ಹಾಗಿರಲಿಲ್ಲ. ಹೊಸದು ಪೂರ್ತಿ ನೇರಳೆ, ಅಂಚಿನ ಹಲ್ಲುಗಳೂ ಸ್ಪಷ್ಟ.

ಫೋಟೋ ತೆಗೆಯುವುದು, ಆ್ಯಪ್ ನಂಬುವುದು

ಫೋಟೋ ನೋಡಿ ಗಿಡದ ಹೆಸರು ಹೇಳುವ ಗೂಗಲ್ ಲೆನ್ಸ್, ಪ್ಲಾಂಟ್‌ನೆಟ್, ಐನ್ಯಾಚುರಲಿಸ್ಟ್ ಎಲ್ಲ ಚೆನ್ನಾಗಿವೆ, ಆದರೆ ಅವುಗಳನ್ನು ಕೊನೆಗೆ ಬಳಸಿ. ಮೊದಲೇ ಬಳಸಿದರೆ ಆ್ಯಪ್ ಹೇಳಿದ ಹೆಸರಿಗೆ ನಿಮ್ಮ ಕಣ್ಣು ಹೊಂದಿಕೊಂಡುಬಿಡುತ್ತದೆ. ನೇರಳೆ ಬಣ್ಣವನ್ನು ಫೋನ್ ಕ್ಯಾಮೆರಾ ಸುಲಭವಾಗಿ ನೀಲಿ ಮಾಡುತ್ತದೆ, ಅದಕ್ಕೆ ಎಲೆಯ ಹಿಂದೆ ಬಿಳಿ ಕಾಗದ ಹಿಡಿದು, ಮೋಡದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ ತೆಗೆಯಿರಿ. ಇಡೀ ಗಿಡ ಒಂದು, ಎಲೆ ಕಾಂಡಕ್ಕೆ ಸೇರುವ ಜಾಗ ಒಂದು, ಎಲೆಯ ಅಡಿಬದಿ ಒಂದು, ರೋಮ ಕಾಣುವ ಅಂಚು ಒಂದು. ಪ್ಲಾಂಟ್‌ನೆಟ್ಟಿನಲ್ಲಿ ಇದು ಎಲೆ, ಇದು ಹೂ ಅಂತ ಆರಿಸಲು ಬರುತ್ತದೆ, ಆರಿಸಿ. ಐನ್ಯಾಚುರಲಿಸ್ಟಿಗೆ ಹಾಕುವಾಗ ನೆಟ್ಟು ಬೆಳೆಸಿದ ಗಿಡ ಅಂತ ಗುರುತು ಹಾಕಿ, ಇಲ್ಲದಿದ್ದರೆ ನೀರ್ಚಾಲಿನ ಕಾಡಿನಲ್ಲಿ ಜಾವಾದ ಗಿಡ ಸಿಕ್ಕಿತು ಅಂತ ಆಗುತ್ತದೆ. ಆ್ಯಪ್ ಕೊಟ್ಟ ಮೊದಲ ಮೂರು ಹೆಸರನ್ನೂ ನಿಮ್ಮ ಚೀಟಿಯ ಜೊತೆ ತಾಳೆ ನೋಡಿ. ಕಾಂಡ, ಜೋಡಣೆ, ರೋಮ ಮೂರೂ ಹೊಂದದ ಹೆಸರನ್ನು ಎಷ್ಟು ಶೇಕಡ ಅಂತ ತೋರಿಸಿದ್ದರೂ ಬಿಟ್ಟುಬಿಡಿ.

ಹೂ ಬಂದರೆ ಮೂಗು ಮುಚ್ಚಿಕೊಳ್ಳಿ

ಗೈನುರಾ ಅಂತ ಖಾತ್ರಿ ಮಾಡುವ ಕೊನೆಯ ಸಾಕ್ಷಿ ಹೂ. ಔರಾಂಟಿಯಾಕಾ ಅಂದರೆ ಕಿತ್ತಳೆ ಬಣ್ಣದ್ದು ಅಂತ, ಹೆಸರಿನಲ್ಲೇ ಹೂವಿನ ಬಣ್ಣ ಇದೆ. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದೇ, ಆದರೆ ಸುತ್ತ ಎಸಳು ಇಲ್ಲ, ಬರೀ ಕುಚ್ಚು. ಗದ್ದೆ ಬದುವಿನಲ್ಲಿ ಬೆಳೆಯುವ ಮುಯಲ್‌ಚೆವಿಯನ್ ನೋಡಿದ್ದೀರಲ್ವಾ, ಕೇರಳದವರು ದಶಪುಷ್ಪ ಅನ್ನುವ ಹತ್ತು ಗಿಡಗಳಲ್ಲಿ ಒಂದು, ಅದರ ಚಿಕ್ಕ ಗುಲಾಬಿ ಕುಚ್ಚನ್ನು ದೊಡ್ಡದು ಮಾಡಿ ಕಿತ್ತಳೆ ಬಣ್ಣ ಬಳಿದರೆ ಹೇಗಿರುತ್ತದೋ ಹಾಗೆ. ವಾಸನೆ ಮಾತ್ರ ಕೆಟ್ಟದ್ದು. ದೊಡ್ಡಮ್ಮ ಒಮ್ಮೆ ಜಗಲಿಯಲ್ಲಿ ಇಲಿ ಸತ್ತಿದೆ ಅಂತ ಹುಡುಕಿದ್ದರಂತೆ! ಒಂದು ಹೂ ಅರಳಲಿ, ಫೋಟೋ ತೆಗೆದುಕೊಳ್ಳಿ, ಉಳಿದ ಮೊಗ್ಗು ಚಿವುಟಿ. ಚಿವುಟಿದರೆ ಗಿಡವೂ ದಟ್ಟವಾಗುತ್ತದೆ.

ಗುರುತು ಸಿಕ್ಕಿತು ಅಂತ ಬಾಯಿಗೆ ಹಾಕಬೇಡಿ. ನಮ್ಮಲ್ಲಿ ಸೊಪ್ಪು ಕಂಡರೆ ತಂಬುಳಿ ಮಾಡುವ ಆಸೆ ಜಾಸ್ತಿ. ಗೈನುರಾ ಬಳಗದಲ್ಲಿ ತಿನ್ನುವ ಸೊಪ್ಪುಗಳೂ ಇವೆ, ಗೈನುರಾ ಪ್ರೊಕಂಬೆನ್ಸ್ ಈಗ ಕೇರಳದ ಹಿತ್ತಲುಗಳಲ್ಲಿ ಸಿಗುತ್ತದೆ. ಆದರೆ ಅದೇ ಬಳಗದಲ್ಲಿ ಯಕೃತ್ತಿಗೆ ಹಾನಿ ಮಾಡುವ ಗಿಡವೂ ಇದೆ. ಹೆಸರಿನ ಅರ್ಧ ಭಾಗ ಒಂದೇ ಅಂತ ಪಾತ್ರೆಗೆ ಹಾಕುವುದು ಬೇಡ, ಇದು ನೋಡಲು ಇರುವ ಗಿಡ.

ಸಾಕುವುದರ ಬಗ್ಗೆ ಎರಡೇ ಮಾತು. ನೀರು ಬುಡಕ್ಕೆ ಮಾತ್ರ, ಎಲೆ ಮೇಲೆ ಬೇಡ, ಮೇಲ್ಮಣ್ಣು ಒಣಗಿದ ಮೇಲೆ ಹಾಕಿ. ರೋಮದ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟುತಿಗಣೆ ಅಡಗುತ್ತದೆ, ವಾರಕ್ಕೊಮ್ಮೆ ಎಲೆಯ ಸಂದು ನೋಡಿ, ಸಿಕ್ಕಿದರೆ ಕಡ್ಡಿಗೆ ಹತ್ತಿ ಸುತ್ತಿ ತೆಗೆಯಿರಿ. ಎರಡು ಮೂರು ವರ್ಷಕ್ಕೆ ಗಿಡ ಬೋಳಾಗುವುದು ಇದರ ಗುಣ, ನಿಮ್ಮ ತಪ್ಪಲ್ಲ. ದೊಡ್ಡಮ್ಮನ ಡಬ್ಬಿಯಲ್ಲಿ ಗಿಡ ಅಷ್ಟು ವರ್ಷ ಉಳಿದದ್ದು ಹೇಗೆ ಅಂತ ಕೇಳಿದೆ. ಬಗ್ಗಿದಾಗೆಲ್ಲ ತುದಿ ಮುರಿದು ಅದೇ ಮಣ್ಣಿಗೆ ಚುಚ್ಚುತ್ತಿದ್ದರಂತೆ. ಹಳೇ ಗಿಡ ಅಂತ ನಾವು ಅಂದುಕೊಂಡದ್ದು ಗಿಡದ ಮೊಮ್ಮಗುವೋ ಮರಿಮಗುವೋ.

ಕೊನೆಗೆ ಚೀಟಿ. ಹೆಸರು ಸಿಕ್ಕಿದ ದಿನವೇ ಬರೆದು ಚುಚ್ಚಿಬಿಡಿ, ಇಲ್ಲದಿದ್ದರೆ ಮುಂದಿನವರು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಬಿಳಿ ಐಸ್‌ಕ್ರೀಮ್ ಡಬ್ಬದ ಮುಚ್ಚಳ ಉದ್ದಕ್ಕೆ ಕತ್ತರಿಸಿದರೆ ಹತ್ತು ಚೀಟಿ ಆಗುತ್ತದೆ. ಮಾರ್ಕರ್ ಪೆನ್ನಿನದ್ದು ಒಂದೇ ಮಳೆಗಾಲಕ್ಕೆ ಮಾಸುತ್ತದೆ, ಮುಚ್ಚಳವನ್ನು ಮರಳುಕಾಗದದಲ್ಲಿ ಸ್ವಲ್ಪ ಉಜ್ಜಿ ಪೆನ್ಸಿಲಿನಲ್ಲಿ ಬರೆಯಿರಿ. ಗಿಡದ ಹೆಸರು, ತುಂಡು ನೆಟ್ಟ ತಿಂಗಳು, ಯಾರ ಮನೆಯಿಂದ ತಂದದ್ದು ಅನ್ನುವುದು, ಮೂರೂ ಇರಲಿ. ನನ್ನ ಚೀಟಿಯ ಹಿಂದೆ ದೊಡ್ಡಮ್ಮ ತಮ್ಮ ಕೈಯಾರೆ "ವೆಲ್ವೆಟ್" ಅಂತಲೂ ಬರೆದಿದ್ದಾರೆ.